ಆಮ್ಲಜನಕಕ್ಕೇ ‘ಆಮ್ಲಜನಕೀಕರಣ’ ಅನ್ನಬಹುದಾ?

ಗೆಳೆಯರೇ,

ಹೈಸ್ಕೂಲ್ ಮಕ್ಕಳಿಗೆಂದು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಬಗ್ಗೆ ಒಂದು ಪುಟ ಬರೆಯಲು ಕೂತಿದ್ದೇನೆ. ಒಂದು ಪ್ಲಾಟಿನಂ ಪರಮಾಣು, ಅದರ ಸುತ್ತ ಆರು ಫ್ಲೋರಿನ್. ಕಡುಗೆಂಪು ಘನ, 61 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿ 69ಕ್ಕೆಲ್ಲ ಕುದಿಯುತ್ತದೆ. ಇಷ್ಟು ಸಲೀಸಾಗಿ ಬಂತು. ಮುಂದಿನ ಸಾಲಿನಲ್ಲೇ ಸಿಕ್ಕಿಬಿದ್ದೆ.

ಕೆನಡಾದ ವ್ಯಾಂಕೂವರ್‌ನಲ್ಲಿದ್ದ ರಸಾಯನಶಾಸ್ತ್ರಜ್ಞ ನೀಲ್ ಬಾರ್ಟ್ಲೆಟ್ ಕಂಡುಕೊಂಡದ್ದು ಇದು: ಈ ಕೆಂಪು ಆವಿ ಆಮ್ಲಜನಕದ ಅಣುವಿನಿಂದಲೇ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಇಂಗ್ಲಿಷಿನವರು ಇದಕ್ಕೆ ‘ಆಕ್ಸಿಡೈಸ್’ ಅನ್ನುತ್ತಾರೆ. ನಾನು ಅಭ್ಯಾಸಬಲದಿಂದ ‘ಆಮ್ಲಜನಕವನ್ನು ಆಮ್ಲಜನಕೀಕರಿಸುತ್ತದೆ’ ಎಂದು ಬರೆದೆ. ಒಂಬತ್ತನೇ ಕ್ಲಾಸಿನ ಮಗಳು ಓದಿ, “ಉಪ್ಪಿಗೆ ಉಪ್ಪು ಹಾಕ್ದಂಗಾಯ್ತಲ್ಲಪ್ಪಾ” ಅಂದಳು. ಸರಿ ಅಲ್ವಾ!

ಮುಂದಿನ ಕಥೆಗೆ ಈ ಪದ ಇನ್ನೂ ಒಗ್ಗುವುದಿಲ್ಲ. ಆಮ್ಲಜನಕದಿಂದ ಎಲೆಕ್ಟ್ರಾನ್ ಕೀಳಲು ಬೇಕಾದಷ್ಟೇ ಶಕ್ತಿ, ಹೆಚ್ಚುಕಮ್ಮಿ ಮೋಲ್‌ಗೆ 1,170 ಕಿಲೋಜೌಲ್, ಯಾವುದರ ಜೊತೆಗೂ ಕೂಡದ ‘ಜಡಾನಿಲ’ ಎಂದೇ ಹೆಸರಾಗಿದ್ದ ಕ್ಸೆನಾನ್‌ಗೂ ಸಾಕು ಎಂದು ಬಾರ್ಟ್ಲೆಟ್‌ಗೆ ಹೊಳೆಯಿತು. 1962ರ ಮಾರ್ಚ್‌ನಲ್ಲಿ ಆ ಆವಿಯನ್ನೂ ಕ್ಸೆನಾನನ್ನೂ ಬೆರೆಯಲು ಬಿಟ್ಟರು. ಕಿತ್ತಳೆ ಛಾಯೆಯ ಹಳದಿ ಘನ ಕೂತಿತು. ಇಲ್ಲಿ ಕೆಲಸ ಮಾಡಿದ್ದು ಫ್ಲೋರೈಡ್. ಆಮ್ಲಜನಕದ ಪಾತ್ರವೇ ಇಲ್ಲ. (‘ಜಡಾನಿಲ’ದ ಜಡತನವೂ ಅಂದೇ ಹೋಯಿತು. ಅದರ ಚರ್ಚೆ ಇನ್ನೊಮ್ಮೆ.)

‘ಆಕ್ಸಿಡೈಸ್’ ಮಾಡುವುದಕ್ಕೆ ಪಠ್ಯಪುಸ್ತಕ ಬಳಸುವ ‘ಉತ್ಕರ್ಷಣ’ದಲ್ಲಿ ಆಮ್ಲಜನಕದ ಹೆಸರಿಲ್ಲ, ಅದು ಒಳ್ಳೆಯದೇ. ಆದರೆ ಉತ್ಕರ್ಷ ಅಂದರೆ ಏಳಿಗೆ. ಎಲೆಕ್ಟ್ರಾನ್ ಕಳೆದುಕೊಂಡವನಿಗೆ ಏಳಿಗೆಯಾ? ಉತ್ಕರ್ಷಣ ಸಂಖ್ಯೆ (ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿತು ಎಂಬ ಲೆಕ್ಕ) ಏರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಮಕ್ಕಳಿಗೆ ಅದು ಸುಮ್ನೆ ಬಾಯಿಪಾಠದ ಪದವಾಗಿ ಉಳಿಯುತ್ತದೆ.

ನನಗೆ ಹಿಡಿಸಿದ್ದು ‘ಎಲೆಕ್ಟ್ರಾನ್ ಕಸಿಯುತ್ತದೆ’. ಹೀಗೆ ಕಸಿಯುವ ವಸ್ತುವನ್ನು ‘ಎಲೆಕ್ಟ್ರಾನ್‌ಗಳ್ಳ’ ಅಂದರೂ ನಡೆದೀತು, ದನಗಳ್ಳ ಇದ್ದ ಹಾಗೆ. ತೊಂದರೆ ಇರುವುದು ಕ್ರಿಯೆಯ ಹೆಸರಿನಲ್ಲಿ. ‘ಎಲೆಕ್ಟ್ರಾನ್ ಕಸಿ’ ಎಂದು ಬರೆದರೆ ಮಾವಿನ ಗಿಡಕ್ಕೆ ಕಸಿ ಕಟ್ಟಿದ ಹಾಗೆ ಕೇಳುತ್ತದೆ. ಅಲ್ಲಿ ಕೂಡಿಸುವುದು, ಇಲ್ಲಿ ಕೀಳುವುದು. ಅರ್ಥವೇ ತಿರುವುಮುರುವು. ‘ಕಸಿತ’ ಅನ್ನಬಹುದಾ, ಇಲ್ಲಾ ಕಿವಿಗೆ ಒರಟಾ? ‘ಉತ್ಕರ್ಷಣ’ವನ್ನೇ ಇಟ್ಟುಕೊಂಡು ಪಕ್ಕದಲ್ಲಿ ಬಿಡಿಸಿ ಹೇಳಲೇ? ಕ್ಲಾಸಿನಲ್ಲಿ ಪಾಠ ಮಾಡುವವರು ಯಾವ ಪದ ಬಳಸುತ್ತೀರಿ, ತಿಳಿಸಿ.