ಮನೆಯ ಕಂಪ್ಯೂಟರಿಗೆ ಹೊಕ್ಕ ಗೂಢಚಾರಿ ತಂತ್ರಾಂಶವನ್ನು ತೆಗೆಯುವುದು ಹೇಗೆ?

ಪ್ರಶ್ನೆ, ಗದಗ-ಬೆಟಗೇರಿಯಿಂದ:
ನಮಸ್ಕಾರ. ನಮ್ಮ ವಿಂಡೋಸ್ 10 ಕಂಪ್ಯೂಟರಿಗೆ ಅಪರಿಚಿತ ಜಾಲತಾಣವೊಂದರಿಂದ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಇಳಿಸಿಕೊಂಡ ಮರುದಿನದಿಂದ, ಕ್ರೋಮ್ ತೆರೆದೊಡನೆ ಬೇರೆಯದೇ ಹುಡುಕಾಟದ ಪುಟ ಬರುತ್ತಿದೆ. ನಿನ್ನೆ ರಾತ್ರಿ ಯಾರೂ ಮುಟ್ಟದಿದ್ದರೂ ಕ್ಯಾಮೆರಾ ಪಕ್ಕದ ಸಣ್ಣ ದೀಪ ಎರಡು ಸಲ ಹೊತ್ತಿಕೊಂಡಿತು. ಒಣಮೆಣಸಿನಕಾಯಿ ವ್ಯಾಪಾರದ ಬ್ಯಾಂಕ್ ವ್ಯವಹಾರವೆಲ್ಲ ಇದರಲ್ಲೇ ನಡೆಯುವುದರಿಂದ ಭಯವಾಗಿದೆ. ಏನು ಮಾಡಲಿ?

ಉತ್ತರ, ಧಾರವಾಡದಿಂದ:
ಮೊದಲು ಇಂಟರ್‌ನೆಟ್ ಸಂಪರ್ಕ ಕಡಿದುಹಾಕಿರಿ. ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರಿನಲ್ಲಿ ಬದಲಿಸಲೇಬೇಡಿರಿ. ಕೀಲಿಮಣೆಯ ಒತ್ತುಗಳನ್ನು ದಾಖಲಿಸುವ ತಂತ್ರಾಂಶವಿದ್ದರೆ ಹೊಸ ಪಾಸ್‌ವರ್ಡ್ ಕೂಡ ಅದನ್ನು ಹೊಗಿಸಿದವರ ಕೈಗೇ ಸೇರುತ್ತದೆ. ಮೊಬೈಲಿನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿರಿ, ಏಕೆಂದರೆ ಉಳಿದ ಅನೇಕ ಖಾತೆಗಳ ಬೀಗ ತೆರೆಯುವುದು ಇಮೇಲ್ ಮೂಲಕವೇ. ಅನಂತರ ಆ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ನಡೆಸಿರಿ. ಸುಮಾರು 15 ನಿಮಿಷ ಹಿಡಿಯುವ ಈ ತಪಾಸಣೆ ವಿಂಡೋಸ್ ಪೂರ್ತಿ ಆರಂಭವಾಗುವ ಮೊದಲೇ ನಡೆಯುವುದರಿಂದ, ಅಡಗಿ ಕೂತಿರುವುದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ.

ಉತ್ತರ, ಹಾವೇರಿಯಿಂದ:
ನನ್ನ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮುಗಿದ ಮೇಲೂ ಅದೇ ಪುಟ ಮರಳಿ ಬಂದಿತ್ತು. ಅಳಿಸಿದ ಎಕ್ಸ್‌ಟೆನ್ಷನ್ (ಕ್ರೋಮಿಗೆ ಸೇರಿಸುವ ಸಣ್ಣ ತಂತ್ರಾಂಶ) ಕ್ರೋಮಿನ ಸಿಂಕ್, ಅಂದರೆ ಖಾತೆಯಲ್ಲಿ ಉಳಿಸಿದ್ದನ್ನು ಸಾಧನಗಳಿಗೆ ತಾನಾಗಿ ಹೊಂದಿಸುವ ಸೌಲಭ್ಯದ ಮೂಲಕ ಮತ್ತೆ ಬಂದು ಕೂರುತ್ತಿತ್ತು. ಸಿಂಕ್ ನಿಲ್ಲಿಸಿ, ಕ್ರೋಮಿನ ಸೆಟ್ಟಿಂಗ್ ರೀಸೆಟ್ ಮಾಡಿದ ಮೇಲೆಯೇ ಹೋಯಿತು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರಿ.

ಉತ್ತರ, ಹುಬ್ಬಳ್ಳಿಯಿಂದ:
ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಒಪ್ಪುವುದಾದರೆ ವಿಂಡೋಸ್ 11ಕ್ಕೆ ಬದಲಾಯಿಸಿರಿ. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ (ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರವಿರುವ) ಅಲ್ಲದ ಖಾತೆಯನ್ನೇ ಬಳಸಿರಿ. ಕನ್ನಡ ಕೀಲಿಮಣೆಯಂತೂ ವಿಂಡೋಸ್‌ನ ಭಾಷಾ ಸೆಟ್ಟಿಂಗಿನಲ್ಲೇ ಇದೆ, ಅದಕ್ಕಾಗಿ ಹೊರಗಿನಿಂದ ಏನನ್ನೂ ಇಳಿಸಿಕೊಳ್ಳಬೇಕಿಲ್ಲ.