ಮೇಲ್ ಪ್ರೋಗ್ರಾಂ ತಾನಾಗಿಯೇ ಬದಲಾಗಿದೆ, ಮಾವನವರಿಗೆ ಹಳೆಯ ರೂಪ ಬೇಕು

ತೋಟದಮನೆ (ತೀರ್ಥಹಳ್ಳಿ):
ನಮಸ್ಕಾರ. ನಮ್ಮ ಮಾವನವರಿಗೆ 78 ವರ್ಷ. ಕಂಪ್ಯೂಟರಿನಲ್ಲಿ ಅವರು ಮಾಡುವುದು ಮೇಲ್ ಒಂದೇ. ಆಗುಂಬೆ ಕಡೆಯ ಸ್ನೇಹಿತರಿಗೆ ತಿಂಗಳ ಮಳೆ ಲೆಕ್ಕ ಕಳಿಸುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದಾಯ್ತಾ ಅಂತ ವಿಚಾರಿಸುತ್ತಾರೆ. ಮೊಮ್ಮಗಳಿಗೆ ಉದ್ದುದ್ದ ಪತ್ರ ಬರೆಯುತ್ತಾರೆ. ಎಡಕ್ಕೆ ಫೋಲ್ಡರ್, ಬಲಕ್ಕೆ ದಪ್ಪ ಅಕ್ಷರದ ಪತ್ರಗಳು, ಕೈಗೆ ಅಷ್ಟು ಅಭ್ಯಾಸವಾಗಿತ್ತು.

ಹೋದ ವಾರ ಹೇಳದೇ ಕೇಳದೇ ಅಪ್‌ಡೇಟ್ ಆಯಿತು. ಅಕ್ಷರ ಸಣ್ಣದು. ಒಬ್ಬರ ಪತ್ರಗಳೆಲ್ಲ ಒಂದರೊಳಗೆ ಒಂದು ಸೇರಿಕೊಂಡಿವೆ. ಮೇಲುಗಡೆ ಜಾಹೀರಾತು ಬೇರೆ. ಯಾರೋ ಬಂದು ತಮ್ಮ ಮೇಜಿನ ಕಾಗದಗಳನ್ನೆಲ್ಲ ಎತ್ತಿಟ್ಟು ಹೋದ ಹಾಗಿದೆ ಅಂತಾರೆ. ಈಗ ಮೇಲ್ ತೆರೆಯುವುದೇ ಬಿಟ್ಟಿದ್ದಾರೆ. ನನಗೆ ಅದು ತುಂಬಾ ಬೇಜಾರು.

ಹಳೆಯದಕ್ಕೆ ಹಿಂದೆ ಹೋಗಬಹುದಾ? ಹಳೆಯ ಪತ್ರಗಳು ಉಳಿದಿರುತ್ತವಾ? ಮಳೆಗಾಲದಲ್ಲಿ ಇಲ್ಲಿ ನೆಟ್ ದಿನಗಟ್ಟಲೆ ಇರುವುದಿಲ್ಲ, ಆಗಲೂ ಓದಲು ಸಿಗಬೇಕು.

ಸಾಗರದವನು:
ಅಕ್ಕಾ, ಮೊದಲು ಏನನ್ನೂ ಅಳಿಸಬೇಡಿ, ಪ್ರೋಗ್ರಾಂ ತೆಗೆದು ಹಾಕಬೇಡಿ. ಖಾತೆಯ ಸೆಟ್ಟಿಂಗ್‌ನಲ್ಲಿ ಐಮ್ಯಾಪ್ ಇದೆಯಾ, ಪಾಪ್ ಇದೆಯಾ ನೋಡಿ, ಇವು ಪತ್ರ ತರಿಸಿಕೊಳ್ಳುವ ಎರಡು ವಿಧಾನ. ಐಮ್ಯಾಪ್ ಆದರೆ ಪತ್ರಗಳು ಸರ್ವರ್‌ನಲ್ಲೂ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಲ್ಲೂ ಇರುತ್ತವೆ. ಪಾಪ್ ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವ ಸಾಧ್ಯತೆ ಜಾಸ್ತಿ. ಆಗ ಪೆನ್‌ಡ್ರೈವ್‌ಗೆ ನಕಲು ತೆಗೆಯದೇ ಮುಂದೆ ಹೋಗಬೇಡಿ.

ಯಾವ ಪ್ರೋಗ್ರಾಂ ಅಂತ ನೀವು ಬರೆದಿಲ್ಲ. ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಆಪ್ ಆಗಿದ್ದರೆ ಅದರ ಕಾಲ ಮುಗಿದಿದೆ. 2024ರ ಡಿಸೆಂಬರ್ 31ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು.

ನಾನು ಹೇಳುವುದು ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ. ಪತ್ರಗಳನ್ನು ಈ ಕಂಪ್ಯೂಟರಿನಲ್ಲೇ ಇಟ್ಟುಕೋ ಅನ್ನುವ ಆಯ್ಕೆ ಇದೆ, ನೆಟ್ ಇಲ್ಲದಿದ್ದರೂ ಓದಬಹುದು. ನಿಮ್ಮ ಕಡೆಗೆ ಇದೇ ಮುಖ್ಯ ಅಲ್ವಾ? ವ್ಯೂ ಮೆನುವಿನ ಲೇಔಟ್‌ನಲ್ಲಿ ಕ್ಲಾಸಿಕ್ ಆರಿಸಿ. ಪತ್ರ ಒಟ್ಟುಗೂಡುವುದನ್ನೂ ನಿಲ್ಲಿಸಬಹುದು, ಅಕ್ಷರ ದಪ್ಪ ಮಾಡಬಹುದು. ಇಳಿಸಿಕೊಳ್ಳುವಾಗ ಇಎಸ್‌ಆರ್ ಅನ್ನುವ ಆವೃತ್ತಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ದೊಡ್ಡ ಬದಲಾವಣೆ ವರ್ಷಕ್ಕೆ ಒಮ್ಮೆ ಬರುತ್ತದೆ, ನಡುವೆ ಬರುವುದು ಹೆಚ್ಚಾಗಿ ಸುರಕ್ಷತೆಯ ರಿಪೇರಿ.

ಗಾಜನೂರು:
ನಾನಾದರೆ ಅಪ್‌ಡೇಟ್ ಪೂರ್ತಿ ಬಂದ್ ಮಾಡುತ್ತೇನೆ. ಚೆನ್ನಾಗಿ ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಮುಟ್ಟಬೇಕು? ಥಂಡರ್‌ಬರ್ಡ್ 2023ರಲ್ಲಿ 115ನೇ ಆವೃತ್ತಿಗೆ ಬಂದಾಗ ರೂಪವೇ ಬದಲಾಯಿತು. ನನ್ನ ಹತ್ತಿರ ಈಗಲೂ 102 ಇದೆ.

ಸಾಗರದವನು:
ನಿಮ್ಮ ಸಿಟ್ಟು ಸರಿ, ದಾರಿ ಸರಿಯಲ್ಲ ಅನಿಸುತ್ತದೆ. ಗೊತ್ತಿಲ್ಲದವರ ಫೈಲು ಮನೆಯೊಳಗೆ ಬರುವ ಬಾಗಿಲೇ ಮೇಲ್. ವಯಸ್ಸಾದವರ ಕಂಪ್ಯೂಟರಿನಲ್ಲಿ ಸುರಕ್ಷತೆಯ ರಿಪೇರಿ ನಿಲ್ಲಿಸಬಾರದು. ಹಳೆಯದು ಒಂದಲ್ಲ ಒಂದು ದಿನ ಕೈಕೊಡುತ್ತದೆ ಕೂಡ. ಬರೀ ಪಾಸ್‌ವರ್ಡ್‌ನಿಂದ ಹಳೆಯ ಪ್ರೋಗ್ರಾಂಗಳು ಜಿಮೇಲ್ ತೆರೆಯುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತಲ್ಲ, ಹಾಗೆ.

ಅಕ್ಕಾ, ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿ 'ಹುಡುಕು, ಆದರೆ ಹಾಕುವ ಮೊದಲು ಕೇಳು' ಅನ್ನುವ ಅರ್ಥದ ಆಯ್ಕೆ ಇದೆ. ಅದನ್ನಿಡಿ. ಕೇಳಿದಾಗ ಪ್ರೊಫೈಲ್ ಫೋಲ್ಡರ್ (ಪತ್ರ, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್) ನಕಲು ಮಾಡಿ, ಆಮೇಲೆ ಹಾಕಿ. ಹೊಸದು ಮುಟ್ಟಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ಒಪ್ಪುವುದಿಲ್ಲ. ನಕಲಿದ್ದರೆ ಮಾತ್ರ ಹಿಂದಿನ ಸ್ಥಿತಿಗೆ ಬರಬಹುದು.

ತೋಟದಮನೆ (ತೀರ್ಥಹಳ್ಳಿ):
ತುಂಬಾ ಉಪಕಾರವಾಯ್ತು ಅಣ್ಣ. ನೋಡಿದೆ, ಪಾಪ್ ಅಂತಲೇ ಇದೆ. ನಮ್ಮ ಯಜಮಾನರು ಈಗಲೇ ನಕಲು ತೆಗೆಯುತ್ತಿದ್ದಾರೆ. ಮಾವನವರ 'ಮಳೆ ಲೆಕ್ಕ' ಫೋಲ್ಡರ್ ಹಾಗೇ ಇದೆ ಅಂದೆ, ಎದ್ದು ಬಂದು ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೊಂದು ಕೇಳುವುದಿತ್ತು: ಆ ಫೋಲ್ಡರ್‌ಗಳನ್ನು ಥಂಡರ್‌ಬರ್ಡ್‌ಗೆ ತರುವಾಗ ಕನ್ನಡದ ಹೆಸರುಗಳು ಕೆಡುತ್ತವಾ, ಅಥವಾ ಮೊದಲೇ ಇಂಗ್ಲಿಷ್‌ಗೆ ಬದಲಿಸಿಕೊಳ್ಳಬೇಕಾ?

ಸಾಗರದವನು:
ಬದಲಿಸುವುದು ಬೇಡ. ಮೊದಲು ಒಂದು ಸಣ್ಣ ಫೋಲ್ಡರ್ ಮಾತ್ರ ತಂದು ನೋಡಿ. ಅದು ಸರಿ ಬಂದರೆ ಉಳಿದವನ್ನೂ ತನ್ನಿ. ತೊಂದರೆಯಾದರೆ ಪರದೆಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.