ಅಪ್‌ಡೇಟ್: ಬಿಪಿ ಮಾತ್ರೆ ತಗೊಳ್ತಿದ್ರೂ ಪ್ಲಾಸ್ಮಾ ಕೊಟ್ಟೆ

ಬಿಪಿ ಇರೋರು ಅಮೆರಿಕಾದಲ್ಲಿ ಪ್ಲಾಸ್ಮಾ, ಅಂದ್ರೆ ರಕ್ತದಲ್ಲಿರೋ ಹಳದಿ ದ್ರವ, ಕೊಡಬಹುದಾ ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ನಲ್ಲ, ಕೊಟ್ಟು ಬಂದೆ. ಇಲ್ಲಿ ರೂಲ್ಸ್ ಪ್ರಕಾರ ಮೇಲಿಂದು 180, ಕೆಳಗಿಂದು 100 ದಾಟಬಾರದು, ಮಾತ್ರೆ ನುಂಗ್ತೀನಿ ಅಂದಿದ್ದಕ್ಕೆ ಬೇಡ ಅನ್ಲಿಲ್ಲ, ಅದೇ ಇಂಡಿಯಾದಲ್ಲಿ ರಕ್ತ ಕೊಡೋಕೆ 140/90 ಒಳಗಿರಬೇಕು, ಮಾತ್ರೆ ಡೋಸ್ ಬೇರೆ 28 ದಿನದಿಂದ ಬದಲಾಗಿರಬಾರದು. ಮೊದಲು ಚೆಕ್ ಮಾಡಿದಾಗ ನಂಗೆ ಕೆಳಗಿಂದು 104, ಕಾಫಿ ಕುಡ್ಕೊಂಡು ಓಡೋಡಿ ಹೋಗಿದ್ದೆ ನೋಡಿ, ಬಿಪಿ ನೋಡ್ತಿದ್ದ ಹುಡುಗಿ ಕಾಲ್ ಮೇಲೆ ಕಾಲ್ ಹಾಕ್ದೆ ಸುಮ್ನೆ ಕೂತ್ಕೊಳ್ಳಿ ಅಂದ್ಲು, ಆಮೇಲೆ 92ಕ್ಕೆ ಇಳೀತು. ಮಷೀನು ಪ್ಲಾಸ್ಮಾ ಇಟ್ಕೊಂಡು ಕೆಂಪು ಕಣ ವಾಪಸ್ ಬಿಡೋವಾಗ ತುಟಿ ಜುಮ್ ಅಂತು, ರಕ್ತ ಹೆಪ್ಪುಗಟ್ಟದಿರಲಿ ಅಂತ ಸೇರಿಸೋ ಸಿಟ್ರೇಟ್‌ನಿಂದ ಹಂಗಾಗುತ್ತಂತೆ, ಹೇಳಿದ ತಕ್ಷಣ ಸ್ಪೀಡ್ ಕಮ್ಮಿ ಮಾಡಿದ್ರು. ಪ್ಲಾಸ್ಮಾ ಕೊಡೋ ದಿನ ಬಿಪಿ ಮಾತ್ರೆ ಸ್ಕಿಪ್ ಮಾಡಿ ಅಂತ ಆ ಪೋಸ್ಟ್‌ಗೆ ಉತ್ತರ ಕೊಟ್ಟವ್ರೆ, ಸಾರಿ, ನಾನಂತೂ ನಿಮ್ಮ ಮಾತು ಕೇಳ್ಲಿಲ್ಲ.